ಎದುರಿನವರ ಮಾತಿನ ಕೊನೆಯ ಪದ

ಬಂಧುಗಳೇ, ಹೋದ ಭಾನುವಾರ ನಮ್ಮ ಅಧ್ಯಯನ ಕೂಟದಲ್ಲಿ ನಾಲ್ಕನೆಯ ಶೀಲದ ಮೇಲೆ ಮಾತು ನಡೆದಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ತಾಯಿಯೊಬ್ಬರು ಕೇಳಿದರು: "ಸರ್, ಒಬ್ರು ಹೇಳಿದ್ದು ನನಗ ಅರ್ಧಾನ ಕೇಳಿಸ್ತು ಅನ್ರಿ. ನಾ ಆ ಅರ್ಧಾನ ಇನ್ನೊಬ್ರ ಮುಂದ ಹೇಳಿದೆ. ಅದು ಸುಳ್ಳು ಆಗ್ತದೋ ಇಲ್ಲೋ?"

ಪ್ರಶ್ನೆ ಬಂದ ಕೂಡಲೇ ಉತ್ತರ ಕೊಡುವ ಕಾಯಿಲೆ ಮಾಸ್ತರರಿಗೆ ಇದ್ದೇ ಇರುತ್ತದೆ. "ಗೊತ್ತಿದ್ದೂ ಹೇಳಿದ್ರ ಅಷ್ಟ ಸುಳ್ಳು ಅಕ್ಕಾರ. ಗೊತ್ತಿಲ್ಲದ ಹೇಳಿದ್ದು ತಪ್ಪು, ಸುಳ್ಳಲ್ಲ" ಎಂದೆ. ಪುಸ್ತಕದ ಪ್ರಕಾರ ಉತ್ತರ ಸರಿಯಾಗಿಯೇ ಇತ್ತು. ಅವರು ತಲೆಯಾಡಿಸಿದರು, ನಾವು ಮುಂದಿನ ಶೀಲಕ್ಕೆ ಹೋದೆವು. ಆದರೆ ರಾತ್ರಿ ಮನೆಗೆ ಬಂದು ಮಲಗಿದ ಮೇಲೆ ಹಳೆಯದೊಂದು ನೋಟ್‌ಬುಕ್ ನೆನಪಾಯಿತು. ಎದ್ದು ಹುಡುಕಿದೆ, ಸಿಕ್ಕಿತು. ಇವತ್ತಿನ ಚಿಂತನೆ ಆ ನೋಟ್‌ಬುಕ್ಕಿನ ಒಂದು ಸಾಲಿನ ಬಗ್ಗೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಪಿಯುಸಿ ಮುಗಿಸಿದ ವರ್ಷ ಅಪ್ಪ ನನ್ನನ್ನು ದಾಂಡೇಲಿಯ ಒಂದು ಟೈಪಿಂಗ್ ಕ್ಲಾಸಿಗೆ ಸೇರಿಸಿದರು. ನಮ್ಮ ಕೇರಿಗೆ ಆಗ ಕಾಣುತ್ತಿದ್ದ ನೌಕರಿಯ ದಾರಿಗಳು ಎರಡೇ. ಟಿಸಿಎಚ್ ಮಾಡಿ ಮಾಸ್ತರ ಆಗಬೇಕು, ಇಲ್ಲವೇ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತು ಕೋರ್ಟು ಕಚೇರಿ ಸೇರಬೇಕು. ಅಪ್ಪನಿಗೆ ಎರಡನೆಯದರ ಮೇಲೆ ಹೆಚ್ಚು ಆಸೆ. ನಮ್ಮದು ಕಾಗದ ಮಾಡುವ ಊರು. ಅಪ್ಪ ಬಿದಿರು ಇಳಿಸುವ ಹಮಾಲಿ. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಒಮ್ಮೆ ಯಾವುದೋ ಜಗಳದ ಸಂಬಂಧ ಒಂದು ಕಚೇರಿಯಲ್ಲಿ ಅವರ ಹೇಳಿಕೆ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಮುಂದೆ ಅದನ್ನು ಯಾರೋ ಓದಿ ಹೇಳಿದಾಗ, ಅಪ್ಪ ಹೇಳಿದ್ದು ಅದರಲ್ಲಿ ಇರಲಿಲ್ಲ. ಅವರು ಹೇಳದೇ ಇದ್ದದ್ದು ಇತ್ತು. ಹೆಬ್ಬೆಟ್ಟು ಮಾತ್ರ ಅವರದ್ದೇ. "ಬರಕೊಳ್ಳೋ ಕುರ್ಚಿ ಮ್ಯಾಲೆ ನಮ್ಮವ ಒಬ್ಬ ಕುಂದರಬೇಕಲೇ" ಎಂದು ಅವರು ಹೇಳುತ್ತಿದ್ದರು. ನಾನು ಆ ಕುರ್ಚಿಯವರೆಗೆ ಹೋಗಲಿಲ್ಲ, ಮಾಸ್ತರನೇ ಆದೆ. ಆದರೆ ಶಾರ್ಟ್‌ಹ್ಯಾಂಡ್ ಕೈಯಲ್ಲಿ ಉಳಿಯಿತು.

ಶೀಘ್ರಲಿಪಿ ಕಲಿಯದವರಿಗಾಗಿ ಒಂದೆರಡು ಮಾತು. ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ 1837ರಲ್ಲಿ ಪ್ರಕಟಿಸಿದ ಪದ್ಧತಿ ಇದು. ಆತನೂ ಶಾಲಾ ಮಾಸ್ತರನೇ. ಇಲ್ಲಿ ಕಾಗುಣಿತ ಇಲ್ಲ, ಕಿವಿಗೆ ಬಿದ್ದ ಧ್ವನಿಗೆ ಒಂದು ಗೆರೆ ಅಷ್ಟೆ. ಪಕಾರಕ್ಕೂ ಬಕಾರಕ್ಕೂ ಗೆರೆ ಒಂದೇ, ತೆಳ್ಳಗೆ ಎಳೆದರೆ ಪ, ಒತ್ತಿ ಎಳೆದರೆ ಬ. ಸ್ವರಗಳಿಗೆ ಚುಕ್ಕೆ, ಸಣ್ಣ ಗೀಟು. ವೇಗ ಹೆಚ್ಚಾದಾಗ ಸ್ವರ ಬಿಟ್ಟುಬಿಡುತ್ತಾರೆ, ಓದುವಾಗ ಸಂದರ್ಭ ನೋಡಿ ತುಂಬಿಕೊಳ್ಳುತ್ತಾರೆ. ಕೈ ಸ್ವಲ್ಪ ಸಡಿಲವಾದರೆ 'ಬಾಲ' ಹೋಗಿ 'ಪಾಲು' ಆಗಬಹುದು. ನಮಗೆ ಕಲಿಸಿದವರು ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದರು: ಸ್ವರ ತುಂಬುವಾಗ ನಿನಗೆ ಬೇಕಾದ ಪದ ತುಂಬಬೇಡ, ಆತ ಆಡಿದ ಪದ ತುಂಬು.

ಶಾಲೆಗೆ ಸೇರಿದ ಮೇಲೆ ನನ್ನ ಈ ವಿದ್ಯೆಗೆ ಒಂದು ಉಪಯೋಗ ಸಿಕ್ಕಿತು. ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುವುದು. ನೀವೂ ನೋಡಿರುತ್ತೀರಿ, ಪ್ರತಿಭಾ ಕಾರಂಜಿಯಲ್ಲಿ, ಕಾಲೇಜುಗಳಲ್ಲಿ ನಡೆಯುತ್ತದೆ. ಪರ ಒಬ್ಬರು, ವಿರೋಧ ಒಬ್ಬರು, ಮುಂದೆ ತೀರ್ಪುಗಾರರು, ಪಕ್ಕದಲ್ಲಿ ಗಂಟೆ. ಹೆಚ್ಚಿನ ಮಕ್ಕಳು ಬಾಯಿಪಾಠ ಮಾಡಿಕೊಂಡು ಬಂದ ಭಾಷಣ ಒಪ್ಪಿಸಿ ಕೂಡುತ್ತಾರೆ. ಎದುರಿನವರು ಏನು ಹೇಳಿದರು ಎಂಬುದು ಅವರಿಗೆ ಬೇಕಾಗಿಯೇ ಇರುವುದಿಲ್ಲ. ಪ್ರತಿವಾದಕ್ಕೆ ಎರಡು ನಿಮಿಷ ಕೊಡುವ ಸ್ಪರ್ಧೆಗಳಲ್ಲಿ ಮಾತ್ರ ನಿಜವಾದ ಆಟ. ಅಲ್ಲಿ ಎದುರಿನವರ ಮಾತನ್ನು ಬರೆದುಕೊಂಡವರು ಗೆಲ್ಲುತ್ತಾರೆ.

ಅಮೆರಿಕದ ಕಾಲೇಜು ಚರ್ಚೆಗಳಲ್ಲಿ ಇದು ಒಂದು ಶಾಸ್ತ್ರವೇ ಆಗಿದೆ. ನಿಮಿಷಕ್ಕೆ 300 ಪದ ದಾಟಿ ಮಾತಾಡುವವರು ಅಲ್ಲಿದ್ದಾರೆ. ಕೇಳುವವರು ಉದ್ದನೆಯ ಹಾಳೆಯನ್ನು ಕಂಬಸಾಲು ಮಾಡಿ, ಒಬ್ಬೊಬ್ಬರ ಭಾಷಣಕ್ಕೆ ಒಂದೊಂದು ಸಾಲು ಕೊಟ್ಟು, ಒಂದು ಪಕ್ಷಕ್ಕೆ ಒಂದು ಬಣ್ಣದ ಪೆನ್ನು, ಇನ್ನೊಂದಕ್ಕೆ ಇನ್ನೊಂದು ಬಣ್ಣ ಹಿಡಿದು, ಯಾವ ವಾದಕ್ಕೆ ಯಾವ ಉತ್ತರ ಬಂತು ಎಂದು ಬಾಣದ ಗುರುತು ಹಾಕುತ್ತಾ ಹೋಗುತ್ತಾರೆ. ಉತ್ತರ ಬಾರದೆ ಉಳಿದ ವಾದವನ್ನು ಒಪ್ಪಿಕೊಂಡಂತೆಯೇ ಎಂದು ಲೆಕ್ಕ. ನಾನು ಈ ಪದ್ಧತಿಯನ್ನು ನಮ್ಮ ಮಕ್ಕಳಿಗೆ ತಕ್ಕಂತೆ ಮಾಡಿಕೊಂಡೆ. ಅವರಿಗೆ ಶಾರ್ಟ್‌ಹ್ಯಾಂಡ್ ಬಾರದು, ಆದ್ದರಿಂದ ಪದದ ಮೊದಲಕ್ಷರ ಬರೆಯಿರಿ ಎಂದೆ. ಸರ್ಕಾರಕ್ಕೆ 'ಸ', ಶಿಕ್ಷಣಕ್ಕೆ 'ಶಿ', ಕಾರಣಕ್ಕೆ ಬಾಣ, ಪುರಾವೆ ಇಲ್ಲದ ಮಾತಿಗೆ ಪ್ರಶ್ನೆ ಗುರುತು. ಮತ್ತೊಂದನ್ನೂ ಹೇಳಿಕೊಟ್ಟಿದ್ದೆ, ಅದನ್ನು ಮುಚ್ಚಿಡುವುದಿಲ್ಲ. "ಅವರದ್ದು ಎಲ್ಲಾ ಬರೀಬ್ಯಾಡ್ರಿ. ಎಲ್ಲಿ ಹಿಡೀಲಿಕ್ಕೆ ಬರ್ತದ ಅಷ್ಟ ಬರೀರಿ." ಅಂದರೆ ಎದುರಿನವರ ಮಾತಿನಲ್ಲಿ ನಮಗೆ ಬೇಕಾದ ತುಂಡನ್ನು ಮಾತ್ರ ಹೆಕ್ಕಿಕೊಳ್ಳಿ.

ಕನ್ನಡದಲ್ಲಿ ಹೀಗೆ ತುಂಡು ಹೆಕ್ಕುವುದು ಎಷ್ಟು ಅಪಾಯ ಎಂಬುದು ಎಂ.ಎ.ಯಲ್ಲಿ ಕೇಶಿರಾಜನನ್ನು ಓದುವಾಗ ನನಗೆ ಹೊಳೆದಿರಲಿಲ್ಲ. ಚರ್ಚಾಸ್ಪರ್ಧೆಯ ಬೆಂಚಿನ ಮೇಲೆ ಹೊಳೆಯಿತು. ನಮ್ಮ ಭಾಷೆಯಲ್ಲಿ 'ಇಲ್ಲ', 'ಅಲ್ಲ', 'ಬೇಡ', 'ಕೂಡದು' ಎಲ್ಲವೂ ವಾಕ್ಯದ ಕೊನೆಗೆ ಬರುತ್ತವೆ. ಮಾತಾಡುವವರು ಇಡೀ ಸಂಗತಿಯನ್ನು ಹೇಳಿ ಮುಗಿಸಿ, ಕಟ್ಟಕಡೆಗೆ ಅದನ್ನು ಅಲ್ಲಗಳೆಯುತ್ತಾರೆ. ಇಂಗ್ಲಿಷಿನವರು ನಿಷೇಧದ ಪದವನ್ನು ಕ್ರಿಯಾಪದದ ಹತ್ತಿರ ಮೊದಲೇ ಹೇಳಿಬಿಡುತ್ತಾರೆ, ಅವರ ಕೈ ಹಿಂದೆ ಬಿದ್ದರೂ ಅದು ತಪ್ಪುವುದು ಕಡಿಮೆ. ನಮ್ಮಲ್ಲಿ ಬರೆಯುವ ಕೈ ಹಿಂದೆ ಬಿದ್ದರೆ ಮೊದಲು ಕಳೆದುಹೋಗುವುದೇ ಕೊನೆಯ ಪದ. 'ಅಲ್ಲ' ಹೋದರೆ ಮಾತು ಅರ್ಧವಾಗುವುದಿಲ್ಲ, ತಿರುಗುಮುರುಗಾಗುತ್ತದೆ. ಅದಕ್ಕೇ ನಾನು ನನ್ನ ಸ್ವಂತಕ್ಕೆ ಒಂದು ಗುರುತು ಮಾಡಿಕೊಂಡಿದ್ದೆ. 'ಇಲ್ಲ, ಅಲ್ಲ' ಬಂದ ಕೂಡಲೇ ಆ ಸಾಲಿನ ಕೆಳಗೆ ಒಂದು ದಪ್ಪ ಅಡ್ಡಗೆರೆ. ಈ ಗುರುತನ್ನು ಮಕ್ಕಳಿಗೆ ಯಾಕೆ ಕಲಿಸಲಿಲ್ಲ ಎಂದು ಈಗ ಕೇಳಿಕೊಳ್ಳುತ್ತೇನೆ. ಮರೆತಿದ್ದೆ ಅಂತ ಹೇಳಬಹುದು. ಪೂರ್ತಿ ನಿಜ ಅದಲ್ಲ. ಗೆಲ್ಲಲು ಅದು ಅಗತ್ಯ ಅನ್ನಿಸಿರಲಿಲ್ಲ.

ನೋಟ್‌ಬುಕ್ಕಿನ ಆ ಸಾಲಿಗೆ ಬರುತ್ತೇನೆ. ಹದಿಮೂರು ವರ್ಷದ ಹಿಂದಿನ ಮಾತು. ನಾಲ್ಕಾರು ಶಾಲೆಗಳು ಸೇರಿದ್ದ ಒಂದು ಸ್ಪರ್ಧೆ. ವಿಷಯ: ಅರಣ್ಯ ಉಳಿಯಬೇಕಾದರೆ ಕಾಡಿನೊಳಗಿನ ಹಳ್ಳಿಗಳ ಸ್ಥಳಾಂತರ ಅನಿವಾರ್ಯ. ನಮ್ಮ ಜಿಲ್ಲೆಯಲ್ಲಿ ಇದು ಬರೀ ಸ್ಪರ್ಧೆಯ ವಿಷಯ ಅಲ್ಲ ಎಂದು ನಿಮಗೆ ಗೊತ್ತು. ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎನ್ನುತ್ತೇವೆ, ಆಗ ದಾಂಡೇಲಿ-ಅಣಶಿ ಎಂದು ಹೆಸರಿತ್ತು. ಪರಿಹಾರ ತೆಗೆದುಕೊಂಡು ಹೊರಗೆ ಬರುವುದೋ ಅಲ್ಲೇ ಇರುವುದೋ ಎಂದು ಜೋಯಿಡಾ ಕಡೆಯ ಹಳ್ಳಿಗಳಲ್ಲಿ ಮನೆ ಮನೆಯಲ್ಲಿ ಮಾತಿತ್ತು. ಅಣ್ಣತಮ್ಮಂದಿರಲ್ಲೇ ಒಮ್ಮತ ಇರಲಿಲ್ಲ.

ವಿರೋಧವಾಗಿ ಮಾತಾಡಿದವನು ಅಂಥದೇ ಒಂದು ಹಳ್ಳಿಯ ಹುಡುಗ, ಒಂಬತ್ತನೆಯ ತರಗತಿ. ಮನೆ ಮಾತು ಕೊಂಕಣಿ. ಶಾಲೆಯಲ್ಲಿ ಕಲಿತ ಪುಸ್ತಕದ ಕನ್ನಡವನ್ನು ಒಂದೊಂದೇ ಕಲ್ಲು ಇಟ್ಟಂತೆ ನಿಧಾನವಾಗಿ ಜೋಡಿಸಿ ಮಾತಾಡುತ್ತಿದ್ದ. ಅವನು ಹೇಳಿದ್ದು ಇಷ್ಟು: "ಹಣ ಕೊಟ್ಟರೆ ಊರು ಬಿಡಲು ನಮ್ಮಲ್ಲಿ ಎಲ್ಲರೂ ಸಿದ್ಧರಿದ್ದಾರೆ ಎಂಬ ಮಾತು ನಿಜವಲ್ಲ." 'ಸಿದ್ಧರಿದ್ದಾರೆ' ಎಂದ ಮೇಲೆ ಉಸಿರು ತೆಗೆದುಕೊಳ್ಳಲು ಸ್ವಲ್ಪ ನಿಂತ. ಅಲ್ಲಿಗೇ ನಮ್ಮ ಶಾಲೆಯ ಹುಡುಗಿಯ ಕೈ ಮುಂದಿನ ಸಾಲಿಗೆ ಹೋಗಿತ್ತು.

ಅವಳು ಜಾಣೆ, ಒಳ್ಳೆಯ ಮಾತುಗಾರ್ತಿ. ಪ್ರತಿವಾದಕ್ಕೆ ಎದ್ದು ನಿಂತು ಹಾಳೆ ನೋಡಿ ಹೇಳಿದಳು: "ನನ್ನ ಎದುರಾಳಿಯೇ ಒಪ್ಪಿಕೊಂಡಿದ್ದಾರೆ. ಹಣ ಕೊಟ್ಟರೆ ಊರು ಬಿಡಲು ಎಲ್ಲರೂ ಸಿದ್ಧರಿದ್ದಾರೆ ಎಂದು ಅವರೇ ಹೇಳಿದರು. ಹಾಗಿದ್ದ ಮೇಲೆ ಈ ಚರ್ಚೆ ಯಾರಿಗೋಸ್ಕರ?" ಸಭೆ ಚಪ್ಪಾಳೆ ಹೊಡೆಯಿತು. ಹುಡುಗ ಎದ್ದು ನಿಂತ. "ನಾನು ಹಾಗೆ ಹೇಳಲಿಲ್ಲ ಸರ್" ಎಂದ. ಗಂಟೆ ಹೊಡೆಯಿತು. ಅಧ್ಯಕ್ಷತೆ ವಹಿಸಿದ್ದವರು ನ್ಯಾಯವಾಗಿಯೇ ನಡೆದುಕೊಂಡರು, ಶಿಕ್ಷಕರ ಬೆಂಚಿನ ಕಡೆ ತಿರುಗಿ ಕೇಳಿದರು: "ಯಾರಾದ್ರೂ ಬರಕೊಂಡೀರೇನ್ರಿ? ಹುಡುಗ ಏನಂದ?"

ನನ್ನ ತೊಡೆಯ ಮೇಲೆ ನೋಟ್‌ಬುಕ್ ತೆರೆದೇ ಇತ್ತು. ಆ ಸಾಲಿನ ಕೆಳಗೆ ದಪ್ಪ ಅಡ್ಡಗೆರೆ ಇತ್ತು. ಇಡೀ ಸಭಾಂಗಣದಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ನಾನು ಸುಮ್ಮನೆ ಕೂತೆ. ಹಾಳೆ ಮಗುಚಿದೆ ಅಂತ ಕಾಣುತ್ತದೆ, ಸರಿಯಾಗಿ ನೆನಪಿಲ್ಲ. ಮೊದಲ ಬಹುಮಾನ ನಮ್ಮ ಶಾಲೆಗೆ ಬಂತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಹುಡುಗಿ ಹಾಡು ಹೇಳಿದಳು.

ಈಗ ಆ ತಾಯಿ ಕೇಳಿದ ಪ್ರಶ್ನೆಯನ್ನು ಮತ್ತೆ ನೋಡೋಣ. ಹುಡುಗಿ ಸುಳ್ಳು ಹೇಳಿದಳೇ? ಇಲ್ಲ. ಅವಳು ತನ್ನ ಹಾಳೆಯಲ್ಲಿ ಇದ್ದದ್ದನ್ನೇ ಓದಿದಳು. ಅವಳ ಹಾಳೆ ಅರ್ಧವಾಗಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹಾಗಾದರೆ ಸುಳ್ಳು ಎಲ್ಲಿ ಇತ್ತು? ನನ್ನ ಬಾಯಿಂದ ಒಂದು ಪದವೂ ಬರಲಿಲ್ಲ, ಆದ್ದರಿಂದ ನನ್ನದೂ ಅಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ವಿನಯಪಿಟಕ ಇದನ್ನು ಒಪ್ಪುವುದಿಲ್ಲ. ಉಪೋಸಥದ ದಿನ ಭಿಕ್ಖುಗಳು ಸೇರಿ ಪಾತಿಮೋಕ್ಖ ಪಠಿಸುವಾಗ, ತಪ್ಪು ಮಾಡಿದವರು ಇದ್ದರೆ ಹೇಳಿಕೊಳ್ಳಲಿ ಎಂದು ಮೂರು ಸಲ ಕೇಳಲಾಗುತ್ತದೆ. ನೆನಪಿದ್ದೂ ಹೇಳದೆ ಕೂತ ಭಿಕ್ಖುವಿನ ಮೌನವನ್ನು ತಿಳಿದೂ ತಿಳಿದೂ ಆಡಿದ ಸುಳ್ಳು ಎಂದೇ ಅಲ್ಲಿ ಎಣಿಸಿದ್ದಾರೆ. ನನ್ನನ್ನು ಕೇಳಿದ್ದು ಮೂರು ಸಲ ಅಲ್ಲ, ಒಂದೇ ಸಲ. ಆ ವ್ಯತ್ಯಾಸದಲ್ಲಿ ಅಡಗಿಕೊಳ್ಳಲು ನನಗೆ ಮನಸ್ಸಿಲ್ಲ. 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳುವುದಿಲ್ಲ ಎಂಬುದೂ ಒಂದು, ಅದನ್ನು ನಾನು ಕೈಮುಗಿದು ಹೇಳಿದವನು.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಪ್ಪು ವರದಿಯ ವಿಷಯವನ್ನು ಪ್ರತ್ಯೇಕವಾಗಿಯೇ ಎತ್ತಿದ್ದಾರೆ. ಬುದ್ಧರ ಮಾತುಗಳನ್ನು ಭಾಣಕರು ನೆನಪಿನಲ್ಲಿ ಹೊತ್ತು ತಂದರು, ಆ ಹೊರೆ ಬಹಳ ದೊಡ್ಡದು, ಹೀಗಾಗಿ ಮಾತು ತಪ್ಪಿರುವ ಸಾಧ್ಯತೆ ಇದೆ ಎಂಬುದು ಅವರ ವಾದ. ಬುದ್ಧರು ಬದುಕಿರುವಾಗಲೇ ಅವರ ಮಾತು ತಿರುಚಿಹೋದ ಐದು ಪ್ರಸಂಗಗಳನ್ನು ಅವರು ಹೆಸರಿಸುತ್ತಾರೆ: ಅಲಗದ್ದೂಪಮ, ಮಹಾಕಮ್ಮವಿಭಂಗ, ಕಣ್ಣಕತ್ಥಲ, ಮಹಾತಣ್ಹಾಸಂಖಯ, ಜೀವಕ ಸುತ್ತಗಳು. ಇವುಗಳಲ್ಲಿ ಕಣ್ಣಕತ್ಥಲ ಸುತ್ತವನ್ನು ನಮ್ಮ ಕೂಟದಲ್ಲಿ ಇನ್ನೂ ಓದಿಲ್ಲ, ಓದಬೇಕು. ಪಸೇನದಿ ರಾಜನ ಅರಮನೆಯಲ್ಲಿ ಒಂದು ಸುದ್ದಿ ಹಬ್ಬಿತ್ತು: ಎಲ್ಲವನ್ನೂ ಬಲ್ಲ ಸಮಣನಾಗಲಿ ಬ್ರಾಹ್ಮಣನಾಗಲಿ ಇರುವುದು ಸಾಧ್ಯವೇ ಇಲ್ಲ ಎಂದು ಗೋತಮರು ಹೇಳಿದ್ದಾರಂತೆ. ರಾಜ ಆ ಸುದ್ದಿಯನ್ನು ಅಲ್ಲಿಗೇ ನಂಬಲಿಲ್ಲ, ಮುಂದಕ್ಕೂ ದಾಟಿಸಲಿಲ್ಲ. ನೇರವಾಗಿ ಹೋಗಿ ಬುದ್ಧರನ್ನೇ ಕೇಳಿದ. ಬುದ್ಧರು, ನಾನು ಹಾಗೆ ಹೇಳಿಲ್ಲ, ಎಲ್ಲವನ್ನೂ ಒಂದೇ ಗಳಿಗೆಯಲ್ಲಿ ಬಲ್ಲವರು ಇಲ್ಲ ಎಂದಿದ್ದೆ ಎಂದು ತಿಳಿಸಿದರು. ಕಳೆದುಹೋಗಿದ್ದದ್ದು 'ಒಂದೇ ಗಳಿಗೆಯಲ್ಲಿ' ಎಂಬ ಒಂದು ಸಣ್ಣ ಮಾತು. ಅಷ್ಟಕ್ಕೆ ಅರ್ಥವೇ ಬೇರೆಯಾಗಿತ್ತು. ಈ ಸುದ್ದಿಯನ್ನು ಅರಮನೆಗೆ ತಂದವರು ಯಾರು ಎಂದು ರಾಜ ವಿಚಾರಿಸಿದಾಗ ಒಬ್ಬ ಇನ್ನೊಬ್ಬನ ಹೆಸರು ಹೇಳುತ್ತಾನೆ, ಆ ಇನ್ನೊಬ್ಬ ಮೊದಲನೆಯವನ ಹೆಸರು ಹೇಳುತ್ತಾನೆ. ಎರಡೂವರೆ ಸಾವಿರ ವರ್ಷವಾದರೂ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇದೇ ನಡೆಯುತ್ತಿದೆ, ಇರಲಿ.

ಎದುರಿನವರ ಮಾತನ್ನು ಯಾರು ಬರೆದಿಟ್ಟರು ಎಂಬುದು ನಮಗೆ, ಅಂದರೆ ಬೌದ್ಧರಿಗೆ, ತಮಾಷೆಯ ವಿಷಯ ಅಲ್ಲ. 14ನೇ ಶತಮಾನದ ವಿಜಯನಗರದ ಕಾಲದಲ್ಲಿ ಮಾಧವರ ಹೆಸರಿನಲ್ಲಿ ಬಂದ ಸರ್ವದರ್ಶನಸಂಗ್ರಹ ಎಂಬ ಗ್ರಂಥವಿದೆ. ಮೊದಲ ಅಧ್ಯಾಯ ಚಾರ್ವಾಕರದ್ದು, ಎರಡನೆಯದು ಬೌದ್ಧರದ್ದು. ಮೊದಲು ಇಟ್ಟದ್ದು ಗೌರವಕ್ಕಲ್ಲ, ಮುಂದೆ ಒಂದೊಂದಾಗಿ ಖಂಡಿಸಿಕೊಂಡು ಹೋಗುವುದಕ್ಕೆ. ಚಾರ್ವಾಕರ ಸ್ವಂತ ಗ್ರಂಥಗಳು ಬಹುಪಾಲು ಉಳಿಯಲಿಲ್ಲ. ಅವರು ಏನು ಹೇಳಿದರು ಎಂದು ತಿಳಿಯಲು ಈಗ ಅವರನ್ನು ಸೋಲಿಸಲು ಬರೆದವರ ಹಾಳೆಯನ್ನೇ ನಂಬಬೇಕು. ಆ ಹಾಳೆಯಲ್ಲಿ ಯಾವ 'ಅಲ್ಲ' ಬಿಟ್ಟುಹೋಗಿದೆಯೋ ಯಾರು ಬಲ್ಲರು! "ನಾನು ಹಾಗೆ ಹೇಳಲಿಲ್ಲ ಸರ್" ಎನ್ನಲು ಅವರಲ್ಲಿ ಒಬ್ಬರೂ ಉಳಿದಿಲ್ಲ.

ಇದನ್ನೆಲ್ಲ ಯೋಚಿಸುವಾಗ ಮುಂಡಗೋಡ ನೆನಪಾಗುತ್ತದೆ. 1966ರಲ್ಲಿ ನೆಲೆಯಾದ ಟಿಬೆಟನ್ನರ ಕಾಲೋನಿಗೆ ನಮ್ಮ ಕೂಟದವರು ಹೋಗಿದ್ದೆವು. ಡ್ರೆಪುಂಗ್, ಗಾಂದೆನ್ ವಿಹಾರಗಳು ಅಲ್ಲಿವೆ. ಅವರ ದಾರಿ ಬೇರೆ, ಬಾಬಾಸಾಹೇಬರು ತೋರಿಸಿದ ನಮ್ಮ ದಾರಿ ಬೇರೆ. ಪುನರ್ಜನ್ಮದ ಮಾತಿಗೆ ಬಂದರೆ ನಾವೂ ಅವರೂ ಕೂಡಿ ಕೂಡುವುದು ಕಷ್ಟ. ಆದರೆ ಸಂಜೆ ಅಂಗಳದಲ್ಲಿ ಭಿಕ್ಷುಗಳು ವಾದ ಮಾಡುವುದನ್ನು ನೋಡಿ ನಾನು ಎದ್ದು ಬರಲಾರದೆ ಹೋದೆ. ಉತ್ತರ ಕೊಡುವವನು ನೆಲದ ಮೇಲೆ ಕೂತಿರುತ್ತಾನೆ. ಪ್ರಶ್ನೆ ಹಾಕುವವನು ನಿಂತು, ಎಡಗಾಲು ನೆಲಕ್ಕೆ ಅಪ್ಪಳಿಸಿ, ಬಲ ಅಂಗೈಯನ್ನು ಎಡ ಅಂಗೈ ಮೇಲೆ ಹೊಡೆದು ಪ್ರಶ್ನೆ ಬಿಡುತ್ತಾನೆ. ಜಗಳವೇ ಅಂದುಕೊಳ್ಳಬೇಕು ಹಾಗೆ ಇರುತ್ತದೆ. ದಿಙ್ನಾಗ, ಧರ್ಮಕೀರ್ತಿಯರ ತರ್ಕಶಾಸ್ತ್ರ ಈ ಅಂಗಳದಲ್ಲಿ ಇನ್ನೂ ಉಸಿರಾಡುತ್ತಿದೆ. ಹೆಣ್ಣುಮಕ್ಕಳೂ ಈ ವಿದ್ಯೆಯಲ್ಲಿ ಹಿಂದೆ ಇಲ್ಲ. 2016ರ ಡಿಸೆಂಬರಿನಲ್ಲಿ ಇದೇ ಮುಂಡಗೋಡದ ಡ್ರೆಪುಂಗಿನಲ್ಲಿ 20 ಭಿಕ್ಷುಣಿಯರಿಗೆ ಮೊದಲ ಬಾರಿಗೆ ಗೆಶೆಮಾ ಪದವಿ ಕೊಟ್ಟರು, ಅದು ಅವರ ಅತ್ಯುನ್ನತ ಪದವಿ.

ನನ್ನ ಕಣ್ಣು ಹುಡುಕಿದ್ದು ಪೆನ್ನು ಹಾಳೆಯನ್ನು. ಒಬ್ಬರ ಕೈಯಲ್ಲೂ ಇರಲಿಲ್ಲ. ಎಲ್ಲವೂ ನೆನಪಿನಲ್ಲಿ. ಹಾಗಾದರೆ ಎದುರಿನವನ ಮಾತನ್ನು ತಿರುಚಿದರೆ ಏನು ಗತಿ? ಕನ್ನಡ ಬಲ್ಲ ಒಬ್ಬ ಭಿಕ್ಷು ವಿವರಿಸಿದರು. ಕೂತವನು ಭಾಷಣ ಮಾಡುವಂತಿಲ್ಲ, ಅವನಿಗೆ ಇರುವ ಉತ್ತರಗಳು ಎಣಿಕೆಯವು. ಒಪ್ಪುತ್ತೇನೆ ಎನ್ನಬಹುದು. ಯಾಕೆ ಎಂದು ಕೇಳಬಹುದು. ನೀನು ಕೊಟ್ಟ ಕಾರಣದಿಂದ ಆ ತೀರ್ಮಾನ ಬರುವುದಿಲ್ಲ ಎನ್ನಬಹುದು. ನೀನು ಕೊಟ್ಟ ಕಾರಣವೇ ಸಿದ್ಧವಾಗಿಲ್ಲ ಎನ್ನಬಹುದು. ನಾನು ಹೇಳದೇ ಇದ್ದದ್ದನ್ನು ಹೇಳಿದ್ದೇನೆ ಎಂದು ಹಿಡಿದು ನೀನು ವಾದ ಕಟ್ಟಿದರೆ, ಈ ಕೊನೆಯ ಉತ್ತರ ಒಂದರಿಂದಲೇ ಕೂತವನು ನಿಂತವನ ಕೈ ಕಟ್ಟಿಹಾಕಬಹುದು. ಆಮೇಲೆ ಆ ಕಾರಣವನ್ನು ಸಿದ್ಧಮಾಡಿ ತೋರಿಸುವ ಭಾರ ನಿಂತವನದು. ನನಗೆ ಆ ಹುಡುಗ ಕಣ್ಣ ಮುಂದೆ ಬಂದ. ಅವನೂ ಇದೇ ಉತ್ತರವನ್ನು ತನ್ನ ಪುಸ್ತಕದ ಕನ್ನಡದಲ್ಲಿ ಕೊಟ್ಟಿದ್ದ. ಇಲ್ಲಿ ಅದಕ್ಕೆ ಬೆಲೆ ಇತ್ತು. ಅಲ್ಲಿ ಗಂಟೆ ಇತ್ತು.

ನಿಮ್ಮಲ್ಲಿ ಕೆಲವರು ಈಗ ಕೇಳುತ್ತೀರಿ, ನನಗೆ ಗೊತ್ತು. ನಮ್ಮನ್ನು ಶತಮಾನಗಳಿಂದ ಹೀಗಳೆದವರ ಮಾತನ್ನೂ ನಾವು ಅಡ್ಡಗೆರೆ ಸಮೇತ ಪೂರ್ತಿ ಬರೆದುಕೊಳ್ಳಬೇಕೇ? ಅವರು ನಮ್ಮ ಮಾತನ್ನು ಎಂದಾದರೂ ಪೂರ್ತಿ ಬರೆದುಕೊಂಡರೇ? ನನ್ನ ಅಪ್ಪನ ಹೆಬ್ಬೆಟ್ಟಿನ ಕತೆ ಹೇಳಿದವನು ನಾನೇ, ಆದ್ದರಿಂದ ಈ ಪ್ರಶ್ನೆಯ ಸಿಟ್ಟು ನನಗೆ ಅರ್ಥವಾಗುತ್ತದೆ. ಬಾಬಾಸಾಹೇಬರು ಏನು ಮಾಡಿದರು ನೋಡಿ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಅವರನ್ನು ಅಧ್ಯಕ್ಷರಾಗಿ ಕರೆದು, ಭಾಷಣ ಓದಿ ಬೆದರಿ, ಸಮ್ಮೇಳನವನ್ನೇ ಕೈಬಿಟ್ಟರು. ಬಾಬಾಸಾಹೇಬರು ಭಾಷಣವನ್ನು ತಮ್ಮ ಖರ್ಚಿನಲ್ಲಿ ಅಚ್ಚು ಹಾಕಿಸಿದರು, ಮಂಡಲದವರ ಜೊತೆ ನಡೆದ ಪತ್ರಗಳನ್ನೂ ಅದರೊಳಗೇ ಸೇರಿಸಿದರು. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಆ ಪುಸ್ತಕವನ್ನು ಟೀಕಿಸಿ ಬರೆದರು. 1937ರ ಎರಡನೆಯ ಮುದ್ರಣಕ್ಕೆ ಬಾಬಾಸಾಹೇಬರು ಉತ್ತರ ಬರೆದಾಗ, ಗಾಂಧೀಜಿಯ ಲೇಖನಗಳನ್ನು ಸಾರಾಂಶ ಮಾಡಲಿಲ್ಲ, ತುಂಡು ಹೆಕ್ಕಲಿಲ್ಲ. ಅನುಬಂಧವಾಗಿ ಅಚ್ಚು ಹಾಕಿಸಿ, ಅದರ ಬೆನ್ನಿಗೆ ತಮ್ಮ ಉತ್ತರ ಇಟ್ಟರು. ತಮ್ಮ ಪುಸ್ತಕದಲ್ಲಿ, ತಮ್ಮ ಖರ್ಚಿನಲ್ಲಿ, ಎದುರಾಳಿಗೆ ಅಷ್ಟು ಪುಟ. ಇಂದಿಗೂ ಆ ಪುಸ್ತಕ ತೆರೆದವರು ಗಾಂಧೀಜಿಯ ಮಾತನ್ನು ಗಾಂಧೀಜಿಯ ಪದಗಳಲ್ಲೇ ಓದಿ, ಆಮೇಲೆ ಬಾಬಾಸಾಹೇಬರ ಉತ್ತರ ಓದುತ್ತಾರೆ. ಆ ಉತ್ತರದ ಬಲ ಏನೂ ಕಡಿಮೆಯಾಗಿಲ್ಲ. ಎದುರಿನವರ ಮಾತು ಅಲ್ಲೇ ಇರುವುದರಿಂದಲೇ ಆ ಬಲ ಎಂದು ನಾನು ನಂಬುತ್ತೇನೆ.

ಸಂವಿಧಾನ ಸಭೆಯಲ್ಲೂ ಅಷ್ಟೆ. ಕರಡಿನ ಮೇಲೆ 7,635 ತಿದ್ದುಪಡಿಗಳು ಬಂದವು, ಅವುಗಳಲ್ಲಿ 2,473 ಸಭೆಯ ಮುಂದೆ ಮಂಡನೆಯಾದವು. ಶೀಘ್ರಲಿಪಿಯ ವರದಿಗಾರರು ಪರ ವಿರೋಧ ಎಂದು ನೋಡದೆ ಬರೆದುಕೊಂಡಿದ್ದರಿಂದಲೇ ಆ ವಾದಗಳನ್ನು ನಾವು ಇಂದು ಓದುತ್ತಿದ್ದೇವೆ. 25 ನವೆಂಬರ್ 1949ರ ತಮ್ಮ ಕೊನೆಯ ದೊಡ್ಡ ಭಾಷಣದಲ್ಲಿ ಬಾಬಾಸಾಹೇಬರು, ತಮ್ಮನ್ನು ಸತತವಾಗಿ ಎದುರಿಸಿದ ಕಾಮತ್, ಕೆ.ಟಿ. ಶಾ, ಕುಂಜ್ರು ಮೊದಲಾದವರನ್ನು ಹೆಸರು ಹಿಡಿದು ನೆನೆದು ಕೃತಜ್ಞತೆ ಹೇಳಿದರು. ಅವರ ಸಲಹೆಗಳನ್ನು ತಾವು ಒಪ್ಪದಿದ್ದರೂ ಸಭೆಗೆ ಜೀವ ಬಂದದ್ದು ಅವರಿಂದ ಎಂದು ದಾಖಲೆಗೆ ಸೇರಿಸಿದರು.

ನಾನು ಈಗ ಶಾಲೆಯಲ್ಲಿ ಮಾಡುವುದು ಇಷ್ಟು. ಹಾಳೆಯನ್ನು ಎರಡು ಪಾಲು ಮಾಡುವಾಗ ಎದುರಿನವರ ಪಾಲು ನಮ್ಮದಕ್ಕಿಂತ ಅಗಲವಾಗಿರಬೇಕು. 'ಇಲ್ಲ, ಅಲ್ಲ, ಬೇಡ' ಬಂದರೆ ಅಡ್ಡಗೆರೆ. 'ಎಲ್ಲರೂ, ಕೆಲವರು, ಒಮ್ಮೊಮ್ಮೆ' ಬಂದರೆ ಸುತ್ತ ಒಂದು ಸೊನ್ನೆ. ವಾಕ್ಯ ಮುಗಿಯುವ ತನಕ ಪೆನ್ನು ಕೆಳಗಿನ ಸಾಲಿಗೆ ಇಳಿಯಬಾರದು. ಮೊದಲರ್ಧ ತಪ್ಪಿದರೂ ಚಿಂತೆಯಿಲ್ಲ, ಕೊನೆಯ ಪದ ತಪ್ಪಬಾರದು. ಪ್ರತಿವಾದಕ್ಕೆ ಎದ್ದಾಗ ಮೊದಲು ಎದುರಿನವರ ಮಾತನ್ನು ಅವರ ಕಡೆ ತಿರುಗಿ ಹೇಳಿ, "ನೀವು ಹೇಳಿದ್ದು ಇದೇ ತಾನೇ?" ಎಂದು ಕೇಳಬೇಕು. ಅವರು ಹೂಂ ಅಂದ ಮೇಲೆ ಉತ್ತರ.

ಇದರಿಂದ ನಮಗೆ ಬಹುಮಾನ ಹೆಚ್ಚಿತು ಎಂದು ಹೇಳಿದರೆ ಮತ್ತೆ ನಾಲ್ಕನೆಯ ಶೀಲ ಮುರಿದಂತಾಗುತ್ತದೆ. ಕಡಿಮೆಯಾಗಿದೆ. ಇರುವ ಎರಡು ನಿಮಿಷದಲ್ಲಿ ಅರ್ಧ ನಿಮಿಷ ಎದುರಿನವರಿಗೇ ಹೋಗುತ್ತದೆ. ಹೋದ ವರ್ಷ ಒಬ್ಬ ಹುಡುಗ ಅಳುಮುಖ ಮಾಡಿಕೊಂಡು ಬಂದು, "ಸರ್, ಅವರ ಪಾಯಿಂಟ್ ನಾನ ಚಲೋ ಮಾಡಿ ಹೇಳಿದೆ, ತೀರ್ಪುಗಾರರು ಅದಕ್ಕ ಅವರಿಗೆ ಮಾರ್ಕ್ಸ್ ಕೊಟ್ರು" ಎಂದ. ಅವನಿಗೆ ಕೊಡಲು ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಚಹಾ ಕುಡಿಸಿ ಕರೆದುಕೊಂಡು ಬಂದೆ. ಸ್ಪರ್ಧೆಯ ನಿಯಮ ಒಂದು ತೂಕ ಹಾಕುತ್ತದೆ, ಶೀಲ ಇನ್ನೊಂದು ತೂಕ ಹಾಕುತ್ತದೆ. ಎರಡೂ ಒಂದೇ ಆಗಲಿ ಎಂದು ಆಸೆಪಡಬಹುದು ಅಷ್ಟೆ.

ನೋಟ್‌ಬುಕ್ ಸಿಕ್ಕಿದ ಮೇಲೆ ಸುಮ್ಮನೆ ಇರಲು ಆಗಲಿಲ್ಲ. ಆ ಹುಡುಗನ ಹೆಸರು ನೆನಪಿತ್ತು. ನಾಲ್ಕು ಜನರನ್ನು ಕೇಳಿ ಗುರುತು ಹಚ್ಚಿದೆ. ಈಗ ಕಾಳಿ ನದಿಯಲ್ಲಿ ಪ್ರವಾಸಿಗರನ್ನು ರಾಫ್ಟಿನಲ್ಲಿ ಕರೆದೊಯ್ಯುವ ಕೆಲಸ ಮಾಡುತ್ತಾನೆ. ಮೊನ್ನೆ ಬುಧವಾರ ಶಾಲೆ ಬಿಟ್ಟ ಮೇಲೆ ಹೋದೆ. ನನ್ನ ಗುರುತು ಅವನಿಗೆ ಸಿಗಲಿಲ್ಲ. ಸ್ಪರ್ಧೆಯ ಹೆಸರು ಹೇಳಿದ ಕೂಡಲೇ ಮುಖ ಬದಲಾಯಿತು. ಹೊಳೆ ದಂಡೆಯ ಬಂಡೆಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ನನ್ನ ಹತ್ತಿರ ಬರೆದದ್ದು ಇತ್ತು, ಕೇಳಿದಾಗ ನಾನು ಸುಮ್ಮನಿದ್ದೆ ಎಂದೆ.

ಅವನು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಆ ದಿನ ನಮ್ಮ ಸರ್ ನನಗೇ ಬೈದರು. ಯಾಕೆ ಹಾಗೆ ಹೇಳಿದೆ ಎಂದು. ಊರಿಗೆ ಹೋಗುವುದರೊಳಗೆ ಸುದ್ದಿ ಮುಟ್ಟಿತ್ತು. ಎಲ್ಲರೂ ಸಿದ್ಧರಿದ್ದಾರೆ ಎಂದು ಮೈಕಿನಲ್ಲಿ ಹೇಳಿ ಬಂದವನ ಅಪ್ಪ ಅಂತ ಅಪ್ಪನನ್ನು ಕರೆದರು" ಎಂದ. "ನಾನೇ ತಪ್ಪಿ ಹಾಗೆ ಹೇಳಿದೆನೇನೋ ಎಂದು ನನಗೂ ಅನ್ನಿಸತೊಡಗಿತ್ತು. ನನ್ನ ಕನ್ನಡ ಅಷ್ಟು ಚೆನ್ನಾಗಿರಲಿಲ್ಲವಲ್ಲ."

ನೋಟ್‌ಬುಕ್ ತೆರೆದು ತೋರಿಸಿದೆ. ಗೆರೆ, ಚುಕ್ಕೆ ನೋಡಿ ಅವನಿಗೆ ಏನೂ ತಿಳಿಯಲಿಲ್ಲ. ಬೆರಳಿಟ್ಟು ಒಂದೊಂದೇ ಪದ ಓದಿದೆ. ಕೊನೆಗೆ ಬಂದಾಗ ಅವನೇ ಕೇಳಿದ: "ಈ ದಪ್ಪ ಗೆರೆ ಏನು ಸರ್?"

"ನಿಜವಲ್ಲ ಅಂತ."

"ಇದನ್ನು ಕನ್ನಡ ಅಕ್ಷರದಲ್ಲಿ ಬರೆದು ಕೊಡುತ್ತೀರಾ? ಅಪ್ಪನಿಗೆ ತೋರಿಸಬೇಕು."

ಅದೇ ಹಾಳೆಯ ಕೆಳಗೆ ಪೂರ್ತಿ ವಾಕ್ಯ ಬರೆದು, ಅಂದಿನ ತಾರೀಖು ಹಾಕಿ, ನನ್ನ ಸಹಿ ಮಾಡಿ, ಹರಿದು ಕೊಟ್ಟೆ. ಮಡಚಿ, ನೀರು ತಾಗದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡ. ಅಷ್ಟರಲ್ಲಿ ಪ್ರವಾಸಿಗರ ಜೀಪು ಬಂತು, ಅವನು ಎದ್ದು ಹೋದ.

ಬರುವ ಭಾನುವಾರ ಕೂಟದಲ್ಲಿ ಕಣ್ಣಕತ್ಥಲ ಸುತ್ತ ಓದೋಣ. ಆ ಅಕ್ಕನವರಿಗೂ ಯಾರಾದರೂ ತಿಳಿಸಿ, ಅವರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇನ್ನೂ ಮುಗಿದಿಲ್ಲ ಎಂದು.

ನಮೋ ಬುದ್ಧಾಯ. ಜೈ ಭೀಮ್.